ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕುವ ಮೊದಲು

(ಕಾರವಾರದಲ್ಲಿ ಬೋಟ್ ಮಾಲೀಕರು, ಬೋಟ್ ನಡೆಸುವ ತಾಂಡೇಲರು, ಬೋಟಿನ ಕೆಲಸದ ಖಲಾಸಿಗಳು ಮತ್ತು ವೈರಿಂಗ್ ಕೆಲಸಗಾರರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಸಭೆಗಳಲ್ಲಿ ಮಾತನಾಡಲು ಜನ ಸಂಕೋಚಪಡುವಂಥದ್ದು: ಬೋಟಿನ ಶೌಚಾಲಯದ ತ್ಯಾಜ್ಯ ಸೇರುವ ಟ್ಯಾಂಕು, ಅದರ ಪಂಪು, ಅದರ ವೈರಿಂಗ್. ಅರ್ಧ ತೊಂದರೆ ಶುರುವಾಗುವುದೇ ಈ ಸಂಕೋಚದಿಂದ. ಪಂಪ್ ನಿಂತರೆ ಯಾರಿಗೂ ಅದರ ಹತ್ತಿರ ಹೋಗಲು ಮನಸ್ಸಿಲ್ಲ. ಹೋದವನು ಮೂಗು ಮುಚ್ಚಿಕೊಂಡು ಬೇಗ ಹೊರಬರಲು ನೋಡುತ್ತಾನೆ. ತಂತಿ ತಿರುಚಿ, ಟೇಪ್ ಸುತ್ತಿ, ಎದ್ದುಬಿಡುತ್ತಾನೆ. ಅದು ಮತ್ತೆ ಕೈಕೊಟ್ಟಾಗ ಟ್ಯಾಂಕಿನ ಮುಚ್ಚಳ ತೆಗೆದು ಬಕೆಟ್ಟಿನಲ್ಲಿ ಖಾಲಿ ಮಾಡುವ ಕೆಲಸ ಬೋಟಿನ ಅತ್ಯಂತ ಕಿರಿಯ ಖಲಾಸಿಯ ಪಾಲಿಗೆ ಬರುತ್ತದೆ.

ನಾನು ಹೇಳಲು ಬಂದಿರುವುದು ಮುಖ್ಯವಾಗಿ ಒಂದೇ ಮಾತು. ಈ ವ್ಯವಸ್ಥೆಯಲ್ಲಿ ಬರುವ ವಿದ್ಯುತ್ ದೋಷಗಳಲ್ಲಿ ಬಹುತೇಕ ಎಲ್ಲವನ್ನೂ ಮುಚ್ಚಳ ತೆಗೆಯದೆಯೇ, ಹೊರಗಿನಿಂದ, ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು ಪತ್ತೆ ಮಾಡಬಹುದು. ಆದ್ದರಿಂದ ಮೀಟರ್ ಹೇಳುವ ತನಕ ಟ್ಯಾಂಕ್ ತೆರೆಯಬಾರದು.

ಇದು ಬರಿಯ ಶುಚಿತ್ವದ ಪ್ರಶ್ನೆಯಲ್ಲ. ಗಾಳಿಯಾಡದ ಟ್ಯಾಂಕಿನಲ್ಲಿ ಮಲತ್ಯಾಜ್ಯ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಮೀಥೇನ್ ಹೊತ್ತಿಕೊಳ್ಳುವ ಅನಿಲ. ಹೈಡ್ರೋಜನ್ ಸಲ್ಫೈಡ್ ಕೂಡ ಹೊತ್ತಿಕೊಳ್ಳುತ್ತದೆ, ಜೊತೆಗೆ ಅದು ವಿಷ. ಗಾಳಿಗಿಂತ ಭಾರವಾದ್ದರಿಂದ ಬೋಟಿನ ತಳದಲ್ಲಿಯೇ ನಿಲ್ಲುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹತ್ತು ಲಕ್ಷಕ್ಕೆ ಸುಮಾರು 100 ಪಾಲಿನಷ್ಟಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು ಎಂದು ಧೈರ್ಯವಾಗಿ ಬಗ್ಗುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿಗೆ ಬಿದ್ದವನನ್ನು ಎತ್ತಲು ಹೋದವರೂ ಸೇರಿ ಐವರು ಕಾರ್ಮಿಕರು ಸತ್ತದ್ದು ನಿಮಗೆಲ್ಲ ನೆನಪಿರಬೇಕು. ನೆಲದ ಮೇಲೆ ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಬೋಟಿನ ಟ್ಯಾಂಕ್ ಗಾತ್ರದಲ್ಲಿ ಚಿಕ್ಕದಾದ ಮಾತ್ರಕ್ಕೆ ಅದರೊಳಗಿನ ಗಾಳಿ ಬೇರೆಯಾಗುವುದಿಲ್ಲ.

"ನಮ್ಮ ಟ್ರಾಲ್ ಬೋಟುಗಳಲ್ಲಿ ಇಂಥ ಟ್ಯಾಂಕ್ ಎಲ್ಲಿದೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಿಜ, ಬಹಳಷ್ಟು ಬೋಟುಗಳಲ್ಲಿ ಇಲ್ಲ. ಆದರೆ ಕಾಳಿ ನದಿಯ ಹಿನ್ನೀರಿನಲ್ಲಿ, ಹೊನ್ನಾವರದ ಶರಾವತಿಯಲ್ಲಿ, ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಬೆಳೆಯುತ್ತಿದೆ. ದಿನವಿಡೀ ಜನ ಇರುವ ಬೋಟಿಗೆ ಶೌಚಾಲಯ ಬೇಕೇ ಬೇಕು. ಅದರ ನೀರನ್ನು ಎಲ್ಲಿ ಬಿಡುತ್ತೀರಿ? ಅಘನಾಶಿನಿಯ ಅಳಿವೆ 2024ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಚಿಪ್ಪಿಕಲ್ಲು ಆಯ್ದು ಸಂಸಾರ ಸಾಗಿಸುವ ಹೆಂಗಸರಿದ್ದಾರೆ. ಚಿಪ್ಪಿನ ಜೀವಿ ನೀರನ್ನು ಸೋಸಿ ಆಹಾರ ತೆಗೆದುಕೊಳ್ಳುತ್ತದೆ. ನೀರಿನಲ್ಲಿರುವ ರೋಗಾಣು ಅದರ ಮೈಯಲ್ಲಿ ಸಂಗ್ರಹವಾಗುತ್ತದೆ. ಬೋಟಿನಿಂದ ಬಿಟ್ಟದ್ದು ಸಂಜೆಯ ಊಟದ ತಟ್ಟೆಗೇ ಬರುತ್ತದೆ. ಅಂತರರಾಷ್ಟ್ರೀಯ ಯಾನದ ದೊಡ್ಡ ಹಡಗುಗಳಿಗೆ ಹಡಗುಗಳ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದದ ನಾಲ್ಕನೆಯ ಅನುಬಂಧ 2003ರಿಂದ ಜಾರಿಯಲ್ಲಿದೆ: ಅರೆದು ಸೋಂಕು ಕಳೆದ ತ್ಯಾಜ್ಯಕ್ಕೆ ದಡದಿಂದ 3 ನಾಟಿಕಲ್ ಮೈಲಿಗಿಂತ ಆಚೆ, ಹಾಗೆಯೇ ಇರುವ ತ್ಯಾಜ್ಯಕ್ಕೆ 12 ನಾಟಿಕಲ್ ಮೈಲಿಗಿಂತ ಆಚೆ. ಕಾಳಿಯ ದಡದ ಸದಾಶಿವಗಡದ ಕೆಳಗೆ ಆ ದೂರ ಎಲ್ಲಿಂದ ಬರಬೇಕು? ಹಿನ್ನೀರಿನ ಬೋಟಿಗೆ ಟ್ಯಾಂಕಿನಲ್ಲಿ ತುಂಬಿಟ್ಟು ದಡದಲ್ಲಿ ಖಾಲಿ ಮಾಡುವುದೊಂದೇ ಮರ್ಯಾದೆಯ ದಾರಿ.

ವ್ಯವಸ್ಥೆ ಸರಳವಾಗಿಯೇ ಇದೆ. ಶೌಚದ ಬಟ್ಟಲಿನಿಂದ ಟ್ಯಾಂಕಿಗೆ ಒಂದು ಪೈಪು. ಟ್ಯಾಂಕಿನಿಂದ ಗಾಳಿ ಹೋಗಲು ಬೋಟಿನ ಪಕ್ಕಕ್ಕೆ ಒಂದು ಸಣ್ಣ ಕೊಳವೆ. ಡೆಕ್ಕಿನ ಮೇಲಿನಿಂದ ಹೀರಿ ತೆಗೆಯಲು ಒಂದು ಬಾಯಿ. ಇನ್ನೊಂದು ಕಡೆ ಅರೆದು ಹೊರತಳ್ಳುವ ಪಂಪು, ಅದನ್ನು ಮ್ಯಾಸರೇಟರ್ ಎನ್ನುತ್ತಾರೆ. ವಿದ್ಯುತ್ ಭಾಗಕ್ಕೆ ಬಂದರೆ ಬ್ಯಾಟರಿ, ಫ್ಯೂಸ್, ಸ್ವಿಚ್, ಕೆಲವು ಕಡೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್), ಪಂಪಿನ ಮೋಟಾರು. ಟ್ಯಾಂಕ್ ಎಷ್ಟು ತುಂಬಿದೆ ಎಂದು ತೋರಿಸುವ ಸೆನ್ಸರು ಮತ್ತು ಅದರ ದೀಪಗಳ ಅಥವಾ ಮುಳ್ಳಿನ ಫಲಕ. ಅಷ್ಟೇ.

ಕೆಲಸ ಶುರುಮಾಡುವ ಮೊದಲು ಹ್ಯಾಚ್ ತೆರೆದು ತಳಕ್ಕೆ ಗಾಳಿ ಆಡಲು ಬಿಡಿ. ಕಿಡಿ ಹಾರುವ ಜೋಡಣೆಯನ್ನು ಬಿಚ್ಚುವಾಗ, ಕಟ್ಟುವಾಗ ಮೇನ್ ಸ್ವಿಚ್ ಆಫ್ ಇರಲಿ. ದಡದಿಂದ 230 ವೋಲ್ಟ್ ಎಳೆದು ಚಾರ್ಜರ್ ಹಾಕಿದ್ದರೆ ಆ ಪ್ಲಗ್ ಕಿತ್ತ ಮೇಲೆಯೇ ಮುಂದಿನ ಮಾತು.

ಈಗ ಮೂಲ ವಿಷಯಕ್ಕೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಅನುಭವಿ ವೈರ್‌ಮನ್‌ಗಳೂ ದಾರಿ ತಪ್ಪುವುದು ಇಲ್ಲಿಯೇ.

ಪಂಪ್ ತಿರುಗುತ್ತಿಲ್ಲ. ಕೆಲಸಗಾರ ಪಂಪಿನ ಎರಡು ತಂತಿ ಬಿಚ್ಚಿ, ಆ ತುದಿಗಳಿಗೆ ಮೀಟರ್ ಹಿಡಿಯುತ್ತಾನೆ. 12.6 ವೋಲ್ಟ್ ತೋರಿಸುತ್ತದೆ. ಕರೆಂಟ್ ಸರಿಯಾಗಿ ಬರುತ್ತಿದೆ, ಪಂಪೇ ಸತ್ತಿದೆ ಎಂದು ತೀರ್ಮಾನಿಸುತ್ತಾನೆ. ಮಾಲೀಕರು ದುಬಾರಿ ಬೆಲೆಗೆ ಹೊಸ ಪಂಪ್ ತರಿಸುತ್ತಾರೆ. ಅದೂ ತಿರುಗುವುದಿಲ್ಲ. ಹೀಗೆ ಒಂದೇ ಬೋಟಿಗೆ ಎರಡು ಪಂಪ್ ಬದಲಾಯಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳೆಯ ಪಂಪ್ ಮೇಜಿನ ಮೇಲೆ ಬ್ಯಾಟರಿಗೆ ನೇರ ಕೊಟ್ಟಾಗ ಗಿರ್ರನೆ ತಿರುಗಿತು.

ಆದದ್ದೇನು? ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ, ತಂತಿಯ ತುದಿಗೆ ಒತ್ತುವ ಲೋಹದ ಲಗ್ ಕಿಲುಬು ಹಿಡಿದಿದ್ದರೆ ಅದರ ಮೂಲಕವೂ ಅಷ್ಟು ಕರೆಂಟ್ ದಾಟುತ್ತದೆ; ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಪಂಪ್ ಕೇಳುವುದು 10ರಿಂದ 20 ಆಂಪಿಯರ್. ಲೆಕ್ಕ ಹಾಕಿ ನೋಡಿ. ಒಂದು ಕೆಟ್ಟ ಜೋಡಣೆಯ ತಡೆ ಕೇವಲ 0.2 ಓಮ್ ಎಂದಿಟ್ಟುಕೊಳ್ಳೋಣ. 15 ಆಂಪಿಯರ್ ಹರಿದರೆ ಆ ಜೋಡಣೆಯೊಂದೇ 3 ವೋಲ್ಟ್ ನುಂಗುತ್ತದೆ. ಪಂಪಿಗೆ ಉಳಿಯುವುದು ಒಂಬತ್ತು ಚಿಲ್ಲರೆ. ನುಂಗಿದ 3 ವೋಲ್ಟ್ ಎಲ್ಲಿ ಹೋಯಿತು? ಶಾಖವಾಯಿತು: 45 ವ್ಯಾಟ್. ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ನಿಗಿಂತ ಹೆಚ್ಚಿನ ಬಿಸಿ, ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ ಟೇಪಿನ ಒಳಗೆ. ಅದಕ್ಕೆ ಆ ಟೇಪ್ ಕರಗಿ ಕಪ್ಪಾಗಿರುತ್ತದೆ. ಇನ್ನೊಂದು ಸಂಗತಿಯೂ ಇದೆ: 0.2 ಓಮನ್ನು ಸಾಧಾರಣ ಮೀಟರಿನ ಓಮ್ ಭಾಗದಲ್ಲಿ ಅಳೆಯಲು ಹೋದರೆ ಮೀಟರಿನ ತಂತಿಗಳ ತಡೆಯೇ ಅಷ್ಟಿರುತ್ತದೆ. ಬೀಪ್ ಸದ್ದು ಬಂತೆಂದು ಜೋಡಣೆ ಸರಿಯಿದೆ ಎನ್ನುವಂತಿಲ್ಲ.

ಆದ್ದರಿಂದ ಪಂಪನ್ನು ಜೋಡಿಸಿಯೇ, ಕರೆಂಟ್ ಹರಿಯುವಾಗಲೇ ಅಳೆಯಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಹಿಡಿಯಿರಿ. ಇನ್ನೊಂದನ್ನು ಪಂಪಿನ ಪಾಸಿಟಿವ್ ತುದಿಗೆ ಹಿಡಿಯಿರಿ. ಉದ್ದ ಸಾಲದಿದ್ದರೆ ಒಂದು ವೈರ್ ಸೇರಿಸಿ. ಈಗ ಜೊತೆಗಾರ ಒಂದೆರಡು ಸೆಕೆಂಡ್ ಸ್ವಿಚ್ ಒತ್ತಲಿ. ಆ ಕ್ಷಣ ಮೀಟರ್ ತೋರಿಸುವುದೇ ಹೋಗುವ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಸ್ವಿಚ್ ಆಫ್ ಇದ್ದಾಗ ಅಲ್ಲಿ ಪೂರ್ತಿ 12 ಕಾಣಿಸುತ್ತದೆ, ಅದು ದೋಷವಲ್ಲ. ಒತ್ತಿದಾಗಿನ ಅಂಕಿಯೇ ಲೆಕ್ಕಕ್ಕೆ. ಹಾಗೆಯೇ ಬ್ಯಾಟರಿಯ ನೆಗೆಟಿವ್ ಕಂಬದಿಂದ ಪಂಪಿನ ನೆಗೆಟಿವ್ ತುದಿಗೆ ಅಳೆಯಿರಿ. ಎರಡೂ ಸೇರಿ 12 ವೋಲ್ಟಿನ ಬೋಟಿನಲ್ಲಿ 1.2 ದಾಟಬಾರದು, ಅಂದರೆ ನೂರಕ್ಕೆ ಹತ್ತು. ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಬಿಲ್ಜ್ ಪಂಪು, ಸಂಚಾರ ದೀಪಗಳಂಥ ಜೀವ ಕಾಯುವ ವಸ್ತುಗಳಿಗೆ ನೂರಕ್ಕೆ ಮೂರರ ಮಿತಿ ಇಟ್ಟುಕೊಳ್ಳಿ.

ಹೆಚ್ಚು ಕಂಡರೆ ಕಡ್ಡಿಯನ್ನು ಪಂಪಿನ ಕಡೆಯಿಂದ ಹಿಂದಕ್ಕೆ ಸರಿಸುತ್ತಾ ಬನ್ನಿ: ರಿಲೇಯ ಈಚೆ, ಸ್ವಿಚ್ಚಿನ ಈಚೆ, ಫ್ಯೂಸಿನ ಈಚೆ. ಯಾವ ಎರಡು ಬಿಂದುಗಳ ನಡುವೆ ಅಂಕಿ ಥಟ್ಟನೆ ಇಳಿಯುತ್ತದೋ ಕಳ್ಳ ಅಲ್ಲಿಯೇ ಇದ್ದಾನೆ. ತಂತಿ ಪೂರ್ತಿ ಕಡಿದಿದ್ದರೆ ಕಡಿದ ಜಾಗದ ಎರಡು ಬದಿಗಳ ನಡುವೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಟ್ಯಾಂಕಿನ ಹತ್ತಿರ ಹೋಗದೆ ದೋಷ ಸಿಕ್ಕಿತು.

ನೆಗೆಟಿವ್ ದಾರಿಯನ್ನು ಮರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಲಾರಿ, ಕಾರಿನಲ್ಲಿ ಕೆಲಸ ಕಲಿತು ಬಂದವರಿಗೆ ನೆಗೆಟಿವ್ ಎಂದರೆ ವಾಹನದ ಲೋಹದ ಬಾಡಿ. ಫೈಬರ್ ಮತ್ತು ಮರದ ಬೋಟಿನಲ್ಲಿ ಬಾಡಿ ಎಂಬುದೇ ಇಲ್ಲ. ಉಕ್ಕಿನ ಬೋಟಿನಲ್ಲಿ ಇದ್ದರೂ ಅದನ್ನು ಬಳಸಬಾರದು, ದಾರಿ ತಪ್ಪಿ ಹರಿಯುವ ಅಲೆಮಾರಿ ಕರೆಂಟ್ ತಳದ ಲೋಹವನ್ನೇ ತಿನ್ನುತ್ತದೆ. ಪ್ರತಿಯೊಂದು ನೆಗೆಟಿವ್ ತಂತಿಯೂ ಹಿತ್ತಾಳೆ ಅಥವಾ ತಾಮ್ರದ ಒಂದು ಪಟ್ಟಿಗೆ ವಾಪಸು ಬರಬೇಕು. ಆ ಪಟ್ಟಿಯನ್ನು ಎಲ್ಲೋ ಕೆಳಗೆ, ಬಿಲ್ಜ್ ನೀರು ಚಿಮ್ಮುವ ಕಡೆ ಹೊಡೆದಿರುತ್ತಾರೆ. ಎರಡು ಪಂಪ್ ಬದಲಾಯಿಸಿದ ಆ ಬೋಟಿನಲ್ಲಿ ದೋಷವಿದ್ದದ್ದು ಆ ಪಟ್ಟಿಯ ಒಂದೇ ಒಂದು ಸ್ಕ್ರೂವಿನಲ್ಲಿ.

ಪಂಪೇ ಒಳಗೆ ಕಡಿದಿದ್ದರೆ ಕರೆಂಟ್ ಹರಿಯುವುದೇ ಇಲ್ಲ. ಆಗ ಕೆಟ್ಟ ಜೋಡಣೆಯೂ ಸೊನ್ನೆ ತೋರಿಸಿ ಒಳ್ಳೆಯದೆಂದು ನಂಬಿಸುತ್ತದೆ. ಅದಕ್ಕೆ ಹಳೆಯ ಗ್ಯಾರೇಜಿನ ಉಪಾಯವೇ ಒಳ್ಳೆಯದು. ಹೆಡ್‌ಲೈಟಿನ 12 ವೋಲ್ಟ್, 55 ವ್ಯಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಪಂಪಿನ ಜಾಗದಲ್ಲಿ ಕೊಡಿ. ಅದು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಬಲ್ಬ್ ಮಂಕಾಗಿ ಉರಿದರೆ ವೈರಿಂಗ್ ಕೆಟ್ಟಿದೆ. ಪ್ರಖರವಾಗಿ ಉರಿದು, ಅದು ಉರಿಯುತ್ತಿರುವಾಗ ಅಳೆದ ನಷ್ಟವೂ ಕಡಿಮೆ ಇದ್ದರೆ ಮಾತ್ರ ಪಂಪನ್ನು ಅನುಮಾನಿಸಿ. ಒಂದು ಎಚ್ಚರಿಕೆ: ಬಲ್ಬ್ ಕೆಂಡದಂತೆ ಸುಡುತ್ತದೆ, ಡೀಸೆಲ್ ಬಟ್ಟೆಯ ಮೇಲೆ ಇಡಬೇಡಿ. ಪೆಟ್ರೋಲ್ ಬೋಟಾದರೆ, ಇಲ್ಲವೇ ತಳದಲ್ಲಿ ಟ್ಯಾಂಕಿನ ವಾಸನೆ ಇದ್ದರೆ, ಉದ್ದ ವೈರ್ ಹಾಕಿ ಬಲ್ಬನ್ನು ಡೆಕ್ಕಿಗೆ ತನ್ನಿ.

ಇನ್ನು ಫ್ಯೂಸ್ ಹಾರುವ ತೊಂದರೆ. ಫ್ಯೂಸ್ ಹಾರಿದರೆ 20ರ ಬದಲು 30 ಹಾಕುವುದನ್ನು ದಯವಿಟ್ಟು ನಿಲ್ಲಿಸಿ. ಫ್ಯೂಸ್ ಇರುವುದು ಪಂಪಿಗಾಗಿ ಮಾತ್ರವಲ್ಲ, ತಂತಿ ಹೊತ್ತದಂತೆ ಕಾಯಲು. ಪಂಪಿನಿಂದ ಹೊರಹೋಗುವ ದಾರಿಯ ಕವಾಟ ಮುಚ್ಚಿದೆಯೇ ಎಂದು ಮೊದಲು ನೋಡಿ. ಹೊರಹೋಗುವ ದಾರಿ ಮುಚ್ಚಿಟ್ಟು ಪಂಪ್ ಹಾಕಿದರೆ ಫ್ಯೂಸ್ ಹಾರಬಹುದು, ಇಲ್ಲವೇ ಪೈಪೇ ಕಿತ್ತು ಬರಬಹುದು. ಗಾಳಿಯ ಕೊಳವೆಯನ್ನೂ ನೋಡಿ. ಅದರ ಬಾಯಲ್ಲಿ ಉಪ್ಪು ಗಟ್ಟಿಯಾಗಿದ್ದರೆ ಅಥವಾ ಕಣಜ ಗೂಡು ಕಟ್ಟಿದ್ದರೆ ಟ್ಯಾಂಕಿಗೆ ಗಾಳಿ ಹೋಗುವುದಿಲ್ಲ, ಪಂಪ್ ಎಳೆದೂ ಎಳೆದೂ ಏನೂ ಬಾರದೆ ಸೋಲುತ್ತದೆ. ಇವೆರಡೂ ವಿದ್ಯುತ್ ದೋಷದ ವೇಷ ಹಾಕಿಕೊಂಡು ಬರುವ ಪೈಪಿನ ದೋಷಗಳು.

ನಮ್ಮ ಕರಾವಳಿಗೆ ವಿಶೇಷವಾದದ್ದು ಮಳೆಗಾಲದ ರಜೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಲ್ಲುತ್ತದೆ. ಪ್ರವಾಸಿ ಬೋಟುಗಳೂ ಮಳೆಗಾಲದಲ್ಲಿ ಕಟ್ಟಿಹಾಕಿಯೇ ಇರುತ್ತವೆ. ಅಷ್ಟು ದಿನ ಒಣಗಿ ಕುಳಿತ ಪಂಪಿನ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಗಾಲಿ) ಗೋಡೆಗೆ ಅಂಟಿಕೊಳ್ಳುತ್ತದೆ. ಆಗಸ್ಟ್‌ನಲ್ಲಿ ಸ್ವಿಚ್ ಒತ್ತಿದರೆ ಗುಂಯ್ ಎಂಬ ಸದ್ದು, ಆಮೇಲೆ ಫ್ಯೂಸ್ ಢಮಾರ್. ತಿರುಗದೆ ನಿಂತ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹಲವು ಮ್ಯಾಸರೇಟರ್‌ಗಳ ಮೋಟಾರಿನ ಹಿಂಬದಿಯಲ್ಲಿ ಶಾಫ್ಟಿನ ತುದಿಗೆ ಸ್ಕ್ರೂ ಡ್ರೈವರ್ ಕೂರುವಂಥ ಗೀರು ಇರುತ್ತದೆ. ಫ್ಯೂಸ್ ತೆಗೆದಿಟ್ಟು, ಅಲ್ಲಿ ಹಾಕಿ ಕೈಯಿಂದ ಒಂದು ಸುತ್ತು ತಿರುಗಿಸಿ. ಪಂಪನ್ನು ಬಿಚ್ಚುವ ಕೆಲಸವೇ ಬರುವುದಿಲ್ಲ.

ತಂತಿ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಇನ್ನೂ ಸುಲಭ. ಆದರೆ ಕೊಳ್ಳುವಾಗ ಡಿ.ಸಿ. ಆಂಪಿಯರ್ ಅಳೆಯುತ್ತದೆಯೇ ಎಂದು ಕೇಳಿ. ಅಗ್ಗದವು ಮನೆಯ ಎ.ಸಿ. ಮಾತ್ರ ಅಳೆಯುತ್ತವೆ, ಬ್ಯಾಟರಿ ತಂತಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಪಂಪಿನ ಚೀಟಿಯಲ್ಲಿ ಬರೆದದ್ದಕ್ಕಿಂತ ಕರೆಂಟ್ ಬಹಳ ಹೆಚ್ಚಿದ್ದರೆ ಏನೋ ಸಿಕ್ಕಿಕೊಂಡಿದೆ. ಬಹಳ ಕಡಿಮೆಯಿದ್ದು ಮೋಟಾರು ಹಗುರವಾಗಿ ಓಡುತ್ತಿದ್ದರೆ ನೀರೇ ಬರುತ್ತಿಲ್ಲ ಅಥವಾ ಇಂಪೆಲ್ಲರಿನ ರೆಕ್ಕೆ ಮುರಿದಿದೆ; ತಕ್ಷಣ ನಿಲ್ಲಿಸಿ, ಒಣ ಓಟದಲ್ಲಿ ರಬ್ಬರ್ ಸುಟ್ಟುಹೋಗುತ್ತದೆ. ಪೂರ್ತಿ 12 ವೋಲ್ಟ್ ತಲುಪಿಯೂ ಕರೆಂಟ್ ಸೊನ್ನೆಯಾಗಿದ್ದರೆ ಒಳಗೆ ಕಾರ್ಬನ್ ಬ್ರಷ್ ಸವೆದಿದೆ ಅಥವಾ ಬಿಸಿಯ ರಕ್ಷಣಾ ಸ್ವಿಚ್ ತೆರೆದಿದೆ. ಎರಡನೆಯದಾದರೆ ತಣ್ಣಗಾದ ಮೇಲೆ ತಾನೇ ಕೂಡಿಕೊಳ್ಳಬಹುದು, ಅರ್ಧ ಗಂಟೆ ಕಾಯಿರಿ.

ಸೆನ್ಸರಿನ ವಿಷಯ. "ಫ್ಲಶ್ ಆಗುತ್ತಿಲ್ಲ" ಎಂಬ ದೂರು ಬಂದಾಗ ಮೊದಲು ಫಲಕದ ದೀಪ ನೋಡಿ. ಟ್ಯಾಂಕ್ ತುಂಬಿದರೆ ಫ್ಲಶ್ ನಿಲ್ಲಿಸುವ ರಿಲೇ ಹಲವು ಬೋಟುಗಳಲ್ಲಿ ಇರುತ್ತದೆ. ಖಾಲಿ ಟ್ಯಾಂಕನ್ನು ಸೆನ್ಸರ್ ತುಂಬಿದೆ ಎಂದರೆ ಶೌಚಾಲಯ ಕೆಲಸ ಮಾಡುವುದಿಲ್ಲ. ಇಂಥ ಹೊತ್ತಿನಲ್ಲಿ ರಿಲೇಯನ್ನು ಒಂದು ತುಂಡು ವೈರಿನಿಂದ ಸುತ್ತುಬಳಸಿ ಕೊಡುವವರನ್ನು ನೋಡಿದ್ದೇನೆ, ಅದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಮುಂದೊಂದು ದಿನ ಟ್ಯಾಂಕ್ ನಿಜವಾಗಿ ತುಂಬುತ್ತದೆ, ಫ್ಲಶ್ ಪಂಪ್ ತಳ್ಳುತ್ತಲೇ ಇರುತ್ತದೆ. ಗಾಳಿಯ ಕೊಳವೆಯಿಂದ ಹೊಲಸು ನದಿಗೆ ಸುರಿಯುತ್ತದೆ, ಕೊಳವೆ ಕಟ್ಟಿದ್ದರೆ ಟ್ಯಾಂಕೇ ಬಿರಿಯುತ್ತದೆ.

ಸರಿಯಾದ ದಾರಿ ಇಷ್ಟೇ. ತೇಲುವ ಗುಂಡಿನ ಸೆನ್ಸರ್ ಆಗಿದ್ದರೆ ಅದರ ತಂತಿಯನ್ನು ಟ್ಯಾಂಕಿನ ಮೇಲ್ಭಾಗದಲ್ಲಿ ಬಿಚ್ಚಿ. ಮುಳ್ಳು ಒಂದು ತುದಿಗೆ ಹೋಗಬೇಕು. ಆ ತಂತಿಯನ್ನು ನೆಗೆಟಿವ್‌ಗೆ ಮುಟ್ಟಿಸಿ; ಇನ್ನೊಂದು ತುದಿಗೆ ಹಾರಬೇಕು. ಹಾರಿದರೆ ತಂತಿಯೂ ಫಲಕವೂ ಸರಿ, ದೋಷ ಸೆನ್ಸರಿನದು. ಸಾಮಾನ್ಯವಾಗಿ ಗುಂಡಿಗೆ ಕೊಳೆ ಮೆತ್ತಿಕೊಂಡು ಸಿಕ್ಕಿರುತ್ತದೆ. ಡೆಕ್ಕಿನ ಬಾಯಿಂದ ಖಾಲಿ ಮಾಡಿಸಿ, ಬಿಸಿ ನೀರು ಹಾಕಿ, ಬೋಟ್ ಓಲಾಡಲು ಬಿಟ್ಟರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ. ಈ ಸೆನ್ಸರುಗಳಲ್ಲಿ ಎರಡು ಪ್ರಸಿದ್ಧ ಕುಲಗಳಿವೆ: ಖಾಲಿಯಾದಾಗ 240 ಓಮ್, ತುಂಬಿದಾಗ 33 ಓಮ್ ತೋರುವ ಅಮೆರಿಕದ ಪದ್ಧತಿ; ಖಾಲಿಯಾದಾಗ 10ರ ಹತ್ತಿರ, ತುಂಬಿದಾಗ 180 ತೋರುವ ಯುರೋಪಿನ ಪದ್ಧತಿ. ಒಂದರ ಸೆನ್ಸರಿಗೆ ಇನ್ನೊಂದರ ಮೀಟರ್ ಕೊಂಡು ತಂದು ಹಾಕಿದರೆ ಟ್ಯಾಂಕ್ ತುಂಬುತ್ತಿದ್ದಂತೆ ಮುಳ್ಳು ಖಾಲಿಯ ಕಡೆಗೆ ಹೋಗುತ್ತದೆ. ಅದು ಕೆಟ್ಟಿಲ್ಲ, ಜೋಡಿ ತಪ್ಪಿದೆ. ಪ್ಲಾಸ್ಟಿಕ್ ಟ್ಯಾಂಕಿನ ಹೊರಗೋಡೆಗೆ ಅಂಟಿಸುವ ಸೆನ್ಸರ್ ಇನ್ನೊಂದು ಬಗೆ. ಒಳಗಿನ ಕೊಳೆಯನ್ನು ಮುಟ್ಟದ ಕಾರಣ ನನಗೆ ಅದೇ ಹೆಚ್ಚು ಇಷ್ಟ. ಲೋಹದ ಟ್ಯಾಂಕಿಗೆ ಅದು ಬಾರದು. ನಮ್ಮ ಮಳೆಗಾಲದಲ್ಲಿ ಹೊರಗೋಡೆಯ ಮೇಲೆ ಉಪ್ಪಿನ ತೇವ ಕುಳಿತರೆ ಅದನ್ನೇ ನೀರೆಂದು ಎಣಿಸುತ್ತದೆ. ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸರಿಹೋಗುತ್ತದೆ.

ಜೋಡಣೆಗಳ ಬಗ್ಗೆ ಇಷ್ಟು ಹೇಳುತ್ತೇನೆ. ಟ್ಯಾಂಕಿನ ಹತ್ತಿರದ ತಾಮ್ರ ಹಸಿರಾಗುವುದಕ್ಕಿಂತ ಹೆಚ್ಚಾಗಿ ಕಪ್ಪಾಗುತ್ತದೆ, ಹೈಡ್ರೋಜನ್ ಸಲ್ಫೈಡ್ ತಾಮ್ರದೊಂದಿಗೆ ಸೇರಿದ ಗುರುತು ಅದು. ಕಪ್ಪು ಎಳೆಯ ಮೇಲೆ ಹೊಸ ಲಗ್ ಹಾಕಿ ಪ್ರಯೋಜನವಿಲ್ಲ; ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸಿ. ಸಾಧ್ಯವಾದರೆ ತವರ ಲೇಪಿಸಿದ ಎಳೆಗಳ ವೈರ್ ತರಿಸಿ. ಸರಿಯಾದ ಇಕ್ಕಳದಿಂದ ಲಗ್ ಒತ್ತಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಕೊಳವೆ ಹಾಕಿ ಬಿಸಿ ಮಾಡಿ. ಟರ್ಮಿನಲ್ಲಿಗೆ ಬರುವ ಮೊದಲು ತಂತಿ ಕೆಳಕ್ಕೆ ಇಳಿದು ಮೇಲೇರಲಿ, ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಉಪನ್ಯಾಸದ ಬಳಿಕ ಎರಡು ಪ್ರಶ್ನೆಗಳು ಬಂದವು. ಲಗ್ ಒತ್ತುವ ಬದಲು ಬೆಸುಗೆ ಹಾಕಿದರೆ ಗಟ್ಟಿಯಲ್ಲವೇ ಎಂದು ಯುವಕರೊಬ್ಬರು ಕೇಳಿದರು. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ತಂತಿಯನ್ನು ಕಡ್ಡಿಯಂತೆ ಬಿಗಿ ಮಾಡುತ್ತದೆ. ಎಂಜಿನ್ನಿನ ನಡುಕಕ್ಕೆ ಅದು ಬಿಗಿತ ಮುಗಿಯುವ ಜಾಗದಲ್ಲಿಯೇ ಮುರಿಯುತ್ತದೆ. ಬೆಸುಗೆಯೊಂದನ್ನೇ ನಂಬಬೇಡಿ.

ಹಿರಿಯ ತಾಂಡೇಲರೊಬ್ಬರ ಪ್ರಶ್ನೆ: ಟ್ಯಾಂಕ್ ಖಾಲಿ ಇರುವಾಗ ಸರಿಪಡಿಸಿದ ಪಂಪನ್ನು ಪರೀಕ್ಷಿಸುವುದು ಹೇಗೆ? ತಾಂಡೇಲರೇ, ಶೌಚದ ಬಟ್ಟಲಿನ ಮೂಲಕ ಎರಡು ಮೂರು ಬಕೆಟ್ ಸಿಹಿನೀರು ಟ್ಯಾಂಕಿಗೆ ಇಳಿಸಿ. ಹೊರಹೋಗುವ ಪೈಪನ್ನು ಒಂದು ಮುಚ್ಚಿದ ಡ್ರಮ್ಮಿಗೆ ಹಾಕಿ. ಟ್ಯಾಂಕಿನಲ್ಲಿ ಉಳಿದಿದ್ದ ಹೊಲಸು ಆ ನೀರಿನೊಂದಿಗೆ ಬರುತ್ತದೆ, ಆದ್ದರಿಂದ ಕಾಳಿಗೆ ಬಿಡುವುದು ಬೇಡ, ಡ್ರಮ್ಮನ್ನು ದಡದ ಶೌಚಾಲಯದಲ್ಲಿ ಸುರಿಯಿರಿ. ಪಂಪ್ ಓಡುವಾಗ ಅದರ ತುದಿಗಳಲ್ಲಿ ಸಿಕ್ಕ ವೋಲ್ಟೇಜ್, ಎಳೆದ ಆಂಪಿಯರ್, ಆ ದಿನದ ತಾರೀಕು, ಮೂರನ್ನೂ ಅಳಿಯದ ಮಾರ್ಕರ್ ಪೆನ್ನಿನಲ್ಲಿ ಪಂಪಿನ ಪಕ್ಕದ ಹಲಗೆಯ ಮೇಲೆ ಬರೆದಿಡಿ. ಆಗಸ್ಟ್‌ನಲ್ಲಿ ಬರುವ ವೈರ್‌ಮನ್ ತನ್ನ ಮೀಟರಿನ ಅಂಕಿಯನ್ನು ಅದರ ಜೊತೆ ಹೋಲಿಸಿ ನೋಡಬಹುದು.